ಶಂಕರಲಿಂಗ ಮಾಸ್ತರರ ಉದ್ದ ಲೆನ್ಸು

ನಮ್ಮ ಶಂಕರಲಿಂಗ ಮಾಸ್ತರರು ಬಾದಾಮಿಯ ಗುಡ್ಡದಲ್ಲಿ ತೋಳ ನೋಡಿದ್ದು ಖರೆ. ಅದನ್ನು ಮೊಬೈಲಿನಲ್ಲಿ ಹಿಡಿದದ್ದೂ ಖರೆ. ಆದರೆ ಆ ಫೋಟೋ ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದಾಗ, ಅದರಲ್ಲಿ ತೋಳ ಎಲ್ಲಿದೆ ಎಂಬ ಬಗ್ಗೆ ಸಿಬ್ಬಂದಿಯಲ್ಲಿ ಒಮ್ಮತ ಮೂಡಲಿಲ್ಲ. ಗಣಿತದವರು ಎಡಗಡೆಯ ಕಲ್ಲನ್ನು ತೋಳ ಎಂದರು. ಹಿಂದಿಯವರು ಅದು ಕಲ್ಲೇ ಅಲ್ಲ, ಮಲಗಿದ ಎಮ್ಮೆ ಎಂದರು. ದೈಹಿಕ ಶಿಕ್ಷಕರು ತೋಳದ ಸುತ್ತ ಕೆಂಪು ಗೆರೆ ಎಳೆದು ಕಳಿಸಿದರು. ಗೆರೆಯೊಳಗೆ ಇದ್ದದ್ದು ಮಾಸ್ತರರ ಸ್ವಂತ ಬೆರಳಿನ ತುದಿ. ಮುಖ್ಯೋಪಾಧ್ಯಾಯಿನಿ ಅನುರಾಧಾ ಮೇಡಂ ಮಾತ್ರ ದೊಡ್ಡ ಮನಸ್ಸು ಮಾಡಿ, ಸೂರ್ಯಾಸ್ತ ಬಹಳ ಸುಂದರವಾಗಿ ಬಂದಿದೆ ಎಂದು ಬರೆದು ಹೂವಿನ ಚಿತ್ರ ಹಾಕಿದರು. ಫೋಟೋ ತೆಗೆದದ್ದು ಬೆಳಿಗ್ಗೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದರು. ಶಂಕರಲಿಂಗ ಮಾಸ್ತರರು ಬಿಡುವ ಪೈಕಿ ಅಲ್ಲ. ಬಾಗಲಕೋಟೆಯ ನವನಗರದಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಹೀಗಾಗಿ ಅವರ ನಿರ್ಧಾರಗಳೆಲ್ಲ ಮೊದಲು ನನಗೇ ಕೇಳಿಸುತ್ತವೆ. ಅಂದು ಸಂಜೆ ಕೇಳಿಸಿದ್ದು, ಕ್ಯಾಮೆರಾ ತಗೊಂಡೇ ಸೈ ಎಂಬುದು. ಕೈಗೆಟಕುವಂಥದ್ದಾಗಿರಬೇಕು, ಮನೆಮಂದಿಯ ಫೋಟೋಕ್ಕೂ ಬರಬೇಕು, ಕಾಡುಪ್ರಾಣಿಗಳಿಗೂ ಬರಬೇಕು. ಮನೆಮಂದಿಯ ಮಾತು ಸೇರಿಸಿದ್ದು ಹೆಂಡತಿ ಬಸವೇಶ್ವರಿಯವರಿಗೆ ಕೇಳಿಸಲಿ ಎಂದು ಎಂಬುದು ಗೋಡೆಯಾಚೆ ಇದ್ದ ನನಗೂ ತಿಳಿಯಿತು.

ಮುಂದೆ ತಿಂಗಳೊಪ್ಪತ್ತು ಅವರು ಮೊಬೈಲಿನಲ್ಲಿ ಕ್ಯಾಮೆರಾ ವಿಡಿಯೋ ನೋಡಿದರು. ನೋಡಿದ್ದನ್ನೆಲ್ಲ ನನಗೆ ಹೇಳಿದರು. ನಾನು ಸಿಗದ ದಿನ ಹಾಲಿನವನಿಗೆ ಹೇಳಿದರು. ಆಮೇಲೆ ನಾವಿಬ್ಬರೂ ಬಾಗಲಕೋಟೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಇವರ ಬೇಡಿಕೆ ಕೇಳಿ, ಒಂದು ಸಾಧಾರಣ ಗಾತ್ರದ ಕ್ಯಾಮೆರಾ ತೆಗೆದಿಟ್ಟ. ಗುಂಡಿ ಒತ್ತಿದರೆ ಅದರ ಲೆನ್ಸು ಒಳಗಿನಿಂದ ಹೊರಗೆ ಬರುತ್ತಿತ್ತು. ತೊಡೆಯ ಮೇಲಿನ ಕೂಸಿನಿಂದ ಹಿಡಿದು ಗುಡ್ಡದ ಮೇಲಿನ ಕೋತಿಯ ತನಕ ಎಲ್ಲ ಇದೊಂದರಲ್ಲೇ ಬರುತ್ತದೆ, ಬೆಲೆಯೂ ಕಡಿಮೆ ಎಂದ. ಮಾಸ್ತರರು ಕೇಳಿದ್ದು ಅದನ್ನೇ. ಆದರೆ ಮುಖ ಸಣ್ಣದು ಮಾಡಿಕೊಂಡರು. ಲೆನ್ಸು ಅಂದಮೇಲೆ ಹೊರಗೇ ಇರಬೇಕು, ನಾಲ್ಕು ಜನರಿಗೆ ಕಾಣಬೇಕು, ಹೀಗೆ ಒಳಗೆ ಬಚ್ಚಿಟ್ಟುಕೊಂಡು ಕೂತರೆ ಅದೆಂಥ ಕ್ಯಾಮೆರಾ ಎಂದರು. ನಾನು, ಇದೇ ಛಲೋ ಐತಿ, ತಗೋ ಎಂದೆ. ಕ್ಯಾಮೆರಾದ ಬಗ್ಗೆ ನನಗೆ ಏನೂ ತಿಳಿಯದು ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಅದನ್ನು ಬಿಟ್ಟರು.

ಮುಂದಿನ ಭಾನುವಾರ ಇಳಕಲ್ಲಿಗೆ ಹೋದೆವು. ಅಲ್ಲಿ ನಜೀರಸಾಬ ಎಂಬವರ ಫೋಟೋ ಸ್ಟುಡಿಯೋ ಇದೆ. ಬಳಸಿದ ಕ್ಯಾಮೆರಾಗಳನ್ನೂ ಮಾರುತ್ತಾರೆ. ಮೇಜಿನ ಪಕ್ಕದಲ್ಲಿ ಮೊಳಕೈ ಉದ್ದದ ಲೆನ್ಸು ಹೊತ್ತ ಕ್ಯಾಮೆರಾ ಒಂದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದನ್ನು ಕಂಡದ್ದೇ ಮಾಸ್ತರರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಬೆಲೆಯೂ ಅವರ ಕೈಗೆ ಎಟಕುವಂತಿತ್ತು. ಯಾಕೆಂದರೆ ಅದರ ಜೊತೆ ಇರಬೇಕಾದ ಸಣ್ಣ ಲೆನ್ಸು ಇರಲಿಲ್ಲ.

"ಮಾಸ್ತರ, ಇದು ದೂರಿಂದಕ್ಕ ಅಷ್ಟ," ಎಂದರು ನಜೀರಸಾಬ. "ಮನಿ ಮಂದೀದು ತಗೀಬೇಕಂದ್ರ ಸಣ್ಣ ಲೆನ್ಸು ಬ್ಯಾರೆ ತಗೋಬೇಕಾಕ್ಕೈತಿ."

"ಹತ್ರ ನಿಂತ್ರ ಬರೂದಿಲ್ಲಂದ್ರ, ದೂರ ನಿಂತ್ರಾತು," ಎಂದರು ಮಾಸ್ತರರು.

ತರ್ಕದಲ್ಲಿ ತಪ್ಪಿರಲಿಲ್ಲ. ನಜೀರಸಾಬರು, ಎಳ್ಳು ಅಮಾವಾಸ್ಯೆ ಹತ್ತಿರ ಬಂತು, ಎಳ್ಳಮಾಸಿಯ ತನಕ ಇಟ್ಟುಕೊಂಡು ನೋಡಿರಿ, ಬೇಡವಾದರೆ ವಾಪಸ್ ತರ್ರಿ ಎಂದರು. ಅವರು ಒಳ್ಳೆಯ ಮನುಷ್ಯರು. ಜೊತೆಗೆ, ಇದೇ ಲೆನ್ಸನ್ನು ಎಷ್ಟು ಸಲ ಮಾರಿ ಎಷ್ಟು ಸಲ ವಾಪಸ್ ಪಡೆದಿದ್ದರೋ ನನಗೆ ತಿಳಿಯದು.

ಮನೆಗೆ ಬಂದ ಕೂಡಲೇ ಮಾಸ್ತರರು ಬಸವೇಶ್ವರಿಯವರನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮೊದಲ ಫೋಟೋ ತೆಗೆದರು. ಏನೂ ಕಾಣಲಿಲ್ಲ. ಹಿಂದೆ ಸರಿದು ಅಡುಗೆಮನೆಯಿಂದ ತೆಗೆದರು. ಮಬ್ಬು. ಹಿತ್ತಲಿಗೆ ಹೋಗಿ ಕಂಪೌಂಡಿಗೆ ಬೆನ್ನು ಹಚ್ಚಿ ನಿಂತು ತೆಗೆದಾಗ ಎಡಗಿವಿಯ ಬೆಂಡೋಲೆ ಬಂತು. ಬೆಂಡೋಲೆ ಮಾತ್ರ ಎಷ್ಟು ಸ್ಪಷ್ಟ ಬಂದಿತ್ತೆಂದರೆ ಹರಳಿನ ಸಂದಿಯಲ್ಲಿ ಸೇರಿದ ಕೊಳೆಯೂ ಕಾಣುತ್ತಿತ್ತು. ಅದನ್ನು ಹಿಗ್ಗಿನಿಂದ ಹೆಂಡತಿಗೆ ತೋರಿಸಿದ್ದು ಬುದ್ಧಿವಂತಿಕೆ ಆಗಲಿಲ್ಲ.

ಮರುದಿನ ಅವರು ರಸ್ತೆ ದಾಟಿ ಎದುರುಸಾಲಿನ ಕುಮುದಿನಿಬಾಯಿಯವರ ಮಾಳಿಗೆ ಹತ್ತಿದರು. ಅಲ್ಲಿ ಒಣಹಾಕಿದ್ದ ಸಂಡಿಗೆಯ ನಡುವೆ ಸ್ಟ್ಯಾಂಡ್ ಇಟ್ಟು, ತಮ್ಮ ಮನೆಯ ಬಾಗಿಲಿಗೆ ಲೆನ್ಸು ತಿರುಗಿಸಿ, ಹೆಂಡತಿ ಹೊರಬರುವುದನ್ನು ಕಾಯುತ್ತ ಕೂತರು. ಕುಮುದಿನಿಬಾಯಿ ಕೆಳಗಿನಿಂದ ಬಸವೇಶ್ವರಿಯವರಿಗೆ ಫೋನು ಮಾಡಿ, ನಿಮ್ಮವರು ನಮ್ಮ ಮಾಳಿಗೆ ಮೇಲೆ ನಿಮ್ಮ ಮನೆಗೇ ಗುರಿ ಇಟ್ಟು ಕೂತಿದ್ದಾರೆ, ರಾತ್ರಿ ಏನಾದರೂ ಮಾತಿಗೆ ಮಾತು ಬೆಳೆಯಿತೇ ಎಂದು ಕೇಳಿದರು. ಬಸವೇಶ್ವರಿ ಹೊರಗೇ ಬರಲಿಲ್ಲ. ಗಂಡ ಕೆಳಗಿಳಿದು ಬಂದ ಮೇಲೆ, ನಾನೂ ಕೂತಿದ್ದಾಗಲೇ, ತಮ್ಮ ಮಾತು ಹೇಳಿದರು.

"ನಮ್ಮ ತವರಮನಿ ಗ್ವಾಡಿ ಮ್ಯಾಲ ಹಿರೇ ಅಳಿಯಾಂದು ಫೋಟೋ ಐತಿ, ಸಣ್ಣ ಅಳಿಯಾಂದೂ ಐತಿ. ನಿಮ್ಮದೊಂದ ಇಲ್ಲ. ಯಾವಾಗ ಫೋಟೋ ತಗದ್ರೂ ನೀವು ಯಾವ್ದೋ ಹಕ್ಕಿ ನೋಡಾಕ ಹೋಗಿರ್ತೀರಿ. ಎಳ್ಳಮಾಸಿಗೆ ಎಲ್ಲಾರೂ ಕೂಡ್ತಾರ. ಎಲ್ಲಾರೂ ಇರೂ ಒಂದು ಫೋಟೋ ಆಗಬೇಕು. ಅದರಾಗ ನನ್ನ ಮಗ್ಗಲಕ ನೀವೂ ಇರಬೇಕು. ಆಗಲಿಲ್ಲಂದ್ರ ಈ ಕೊಳವಿ ನಜೀರಸಾಬರಿಗೆ ವಾಪಸ್."

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಮಾಸ್ತರರು ಎಂದಿನಂತೆ ಮರೆತುಬಿಡುತ್ತಿದ್ದರು. ಮೆತ್ತಗೆ ಹೇಳಿದ್ದರಿಂದ ಹೆದರಿದರು.

ಯಾರಾದರೂ ಬೇರೆಯವರು ಗುಂಡಿ ಒತ್ತಿದರಾಯಿತು, ನಾನೇ ಒತ್ತುತ್ತೇನೆ ಎಂದೆ. ಮಾಸ್ತರರಿಗೆ ನೋವಾಯಿತು. ಇದೇನು ಮಿಕ್ಸರ್ ಅಲ್ಲ, ಸಿಕ್ಕಸಿಕ್ಕವರು ಒತ್ತಲಿಕ್ಕೆ ಎಂದರು. ಕ್ಯಾಮೆರಾದಲ್ಲಿ ಟೈಮರ್ ಇದೆ, ಒತ್ತಿ ಬಿಟ್ಟರೆ ಕೆಂಪು ದೀಪ ಮಿಣುಕುತ್ತ ಸ್ವಲ್ಪ ಹೊತ್ತಿನ ಮೇಲೆ ತಾನೇ ಫೋಟೋ ತೆಗೆಯುತ್ತದೆ, ಅಷ್ಟರಲ್ಲಿ ಓಡಿ ಹೋಗಿ ನಿಂತರಾಯಿತು. ಎಷ್ಟು ದೂರ ಓಡಬೇಕು ಎಂದು ಕೇಳಿದೆ. ಓಡುವುದು ಮನುಷ್ಯನ ನಿಶ್ಚಯಕ್ಕೆ ಬಿಟ್ಟದ್ದು ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಓಡತೊಡಗಿದರು. ಓಡಿದ ಕೊನೆಯಲ್ಲಿ ಗಕ್ಕನೆ ನಿಂತು, ತಿರುಗಿ, ನಗುವುದನ್ನೂ ಅಭ್ಯಾಸ ಮಾಡಿದರು. ವಾಯುವಿಹಾರಕ್ಕೆ ಬರುವ ಹೆಣ್ಣುಮಕ್ಕಳು ಬೇರೆ ರಸ್ತೆ ಹಿಡಿದರು.

ಬಸವೇಶ್ವರಿಯವರ ತವರು, ಗುಡೂರಿನ ಆಚೆಗಿನ ಕರಿಹುಣಸಿ. ಅಮಾವಾಸ್ಯೆಯ ಹಿಂದಿನ ದಿನವೇ ನನ್ನ ಹಳೇ ಕಾರಿನಲ್ಲಿ ಮೂವರೂ ಹೋದೆವು. ನನಗೆ ಕ್ಯಾಮೆರಾದಲ್ಲಿ ಆಸಕ್ತಿ ಇರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಪಲ್ಯದಲ್ಲಿ ಇತ್ತು, ಅದನ್ನು ನಾನು ಯಾರಿಂದಲೂ ಮುಚ್ಚಿಡಲಿಲ್ಲ.

ಮಾಸ್ತರರ ಮಾವ ಗಾಳೆಪ್ಪನವರ ಮನೆ ಊರ ಅಂಚಿನಲ್ಲಿ, ಅವರ ಹೊಲಕ್ಕೆ ಹತ್ತಿಕೊಂಡೇ ಇದೆ. ಮುಂದೆ ಕಡಲೆ ಹೊಲ. ಮಾಸ್ತರರು ಅಂದು ಸಂಜೆಯೇ ತಾಲೀಮು ಮಾಡಿಬಿಡೋಣ ಎಂದು ಗಾಳೆಪ್ಪ, ಅತ್ತೆ ಸಿದ್ದಲಿಂಗವ್ವ, ಅವರ ಮಕ್ಕಳು, ಸೊಸೆಯರು, ಷಡ್ಡಕರು, ಎಲ್ಲರನ್ನೂ ಮನೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಸ್ಟ್ಯಾಂಡ್ ಹೆಗಲಿಗೇರಿಸಿ ಹೊಲದಲ್ಲಿ ನಡೆಯತೊಡಗಿದರು. ಮಂದಿ ಎಲ್ಲಾ ಲೆನ್ಸಿನಲ್ಲಿ ಬರಲಿಲ್ಲವೆಂದು ಇನ್ನಷ್ಟು ಹಿಂದೆ ಹೋದರು. ಮತ್ತಷ್ಟು ಹೋದರು. ಸಿದ್ದಲಿಂಗವ್ವನವರು ಮಗಳಿಗೆ, ನಿನ್ನ ಗಂಡ ಸಿಟ್ಟಾಗಿ ಊರಿಗೆ ಹೊಂಟಾನೇನು ಎಂದು ಕೇಳಿದರು. ಕಡೆಗೆ ಮಾಸ್ತರರು ಇಡೀ ಹೊಲ ದಾಟಿ ಆಚೆ ಬದುವಿನ ಮೇಲೆ ನಿಂತರು. ಅಲ್ಲಿಂದ ಕೂಗಿದರೆ ಕೇಳುತ್ತಿರಲಿಲ್ಲ. ಅದಕ್ಕಾಗಿ ಒಂದು ಕೆಂಪು ಟವೆಲ್ ತಂದಿದ್ದರು. ಎಡಕ್ಕೆ ಬೀಸಿದರೆ ಎಡಕ್ಕೆ ಸರಿಯಬೇಕು, ಬಲಕ್ಕೆ ಬೀಸಿದರೆ ಬಲಕ್ಕೆ. ಗಾಳೆಪ್ಪನವರು ತಮ್ಮ ಊರುಗೋಲನ್ನು ನೆಟ್ಟಗೆ ಹಿಡಿದು, ಟವೆಲ್ ಬೀಸಿದಂತೆ ಅತ್ತಿತ್ತ ಸರಿದರು. ಆದರೆ ಬೆಳಕು ಹೋಯಿತು. ಓಡುವ ಕಾರ್ಯಕ್ರಮ ಮರುದಿನಕ್ಕೆ ಹೋಯಿತು.

ಇದನ್ನೆಲ್ಲ ಪಕ್ಕದ ಹೊಲದ ಅಮಾತೆಪ್ಪ ನೋಡುತ್ತಿದ್ದ. ಅವನು ಏನು ತಿಳಿದ ಎಂಬುದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮಾಸ್ತರರ ಹಾಗೆ ನೀವೂ ಇಡೀ ದಿನ ಹಿಗ್ಗುತ್ತ ಕೂಡಬೇಕಾಗುತ್ತದೆ.

ಮರೋಳದ ಕಡೆ ಏತ ನೀರಾವರಿಯ ಕಾಲುವೆಗೆ ಅಳತೆ ಮಾಡಿದ್ದನ್ನು ಅಮಾತೆಪ್ಪ ಕಣ್ಣಾರೆ ಕಂಡವನು. ಇತ್ತ ಒಬ್ಬ ಮೂರು ಕಾಲಿನ ಯಂತ್ರದಲ್ಲಿ ಕಣ್ಣಿಡುತ್ತಾನೆ. ಅತ್ತ ದೂರದಲ್ಲಿ ಒಬ್ಬ ನೆಟ್ಟಗೆ ಕೋಲು ಹಿಡಿದು ನಿಲ್ಲುತ್ತಾನೆ. ಇತ್ತಲಿನವನು ಕೈ ಬೀಸಿದ ಹಾಗೆ ಅತ್ತಲಿನವನು ಸರಿಯುತ್ತಾನೆ. ಅಮಾತೆಪ್ಪ ಆ ಸಂಜೆ ಕಂಡದ್ದು ತದ್ರೂಪ ಅದನ್ನೇ. ಅಂದಮೇಲೆ ಕರಿಹುಣಸಿಗೂ ಕಾಲುವೆ ಬಂತು, ಹೊಲ ಹೋಗುತ್ತವೆ, ಪರಿಹಾರ ಬರುತ್ತದೆ. ಪರಿಹಾರ ಬರಿ ಹೊಲಕ್ಕಲ್ಲ, ಹೊಲದಲ್ಲಿರುವ ಗಿಡ, ಬಾವಿ, ಶೆಡ್ಡು ಎಲ್ಲಕ್ಕೂ ಇದೆ ಎಂದು ನಮ್ಮ ಜಿಲ್ಲೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗಾಳೆಪ್ಪನ ಅಳಿಯ ಸಾಲಿ ಮಾಸ್ತರ ಅಲ್ಲವೇ ಎಂದು ಒಬ್ಬಿಬ್ಬರು ಸಂಶಯ ತೆಗೆದರು. ಜನಗಣತಿಗೆ ಮಾಸ್ತರ, ಚುನಾವಣೆಗೆ ಮಾಸ್ತರ, ಮನೆಮನೆ ಸಮೀಕ್ಷೆಗೆ ಮಾಸ್ತರ, ಸರಕಾರ ಮಾಸ್ತರರಿಗೆ ಹಚ್ಚದ ಕೆಲಸ ಯಾವುದಾದರೂ ಉಳಿದಿದೆಯೇ ಎಂದು ಅಮಾತೆಪ್ಪ ಕೇಳಿದ. ಗಾಳೆಪ್ಪನವರನ್ನೇ ಕೇಳಿದರು. ಮನೆಮಂದಿಯ ಫೋಟೋ ಎಂದು ಅವರು ಇದ್ದದ್ದನ್ನೇ ಹೇಳಿದರು.

"ಮನಿ ಮಂದಿ ಫೋಟೋ ಅಂದ್ರ ಅಷ್ಟು ದೂರ ನಿಂತು ಯಾವಾಂವ ತಗೀತಾನ, ಗಾಳೆಪ್ಪಣ್ಣ?" ಎಂದು ಅಮಾತೆಪ್ಪ ಕೇಳಿದ.

ಗಾಳೆಪ್ಪನವರಿಗೂ ಅದೇ ಪ್ರಶ್ನೆ ಇತ್ತು. ಅವರು ಸುಮ್ಮನಾದರು. ಊರು ಅದನ್ನು ಒಪ್ಪಿಗೆ ಎಂದು ತಿಳಿಯಿತು.

ಎಳ್ಳಮಾಸಿಯ ಬೆಳಿಗ್ಗೆ ನಾವು ಎದ್ದು ಹೊರಗೆ ಬಂದಾಗ ಕರಿಹುಣಸಿ ಬೇರೆ ಊರೇ ಆಗಿತ್ತು. ಹಿಂದಿನ ದಿನ ಬಯಲಾಗಿದ್ದ ಬದುಗಳ ಮೇಲೆ ಮಾವಿನ ಸಸಿ, ತೆಂಗಿನ ಸಸಿ ಸಾಲಾಗಿ ನಿಂತಿದ್ದವು. ಹೊಲಹೊಲದಲ್ಲಿ ತಗಡಿನ ಶೆಡ್ಡು ಎದ್ದಿದ್ದವು. ಒಂದು ಶೆಡ್ಡಿನ ತಗಡಿನ ಮೇಲೆ ಪಕ್ಕದ ಊರಿನ ಸೈಕಲ್ ಅಂಗಡಿಯ ಹೆಸರು ತಲೆಕೆಳಗಾಗಿತ್ತು. ಅಮಾತೆಪ್ಪ ಎರಡು ಬೇವಿನ ಟೊಂಗೆಗಳನ್ನೇ ನೆಟ್ಟು ನೀರು ಹಾಕುತ್ತಿದ್ದ. ಹೇಗೂ ಎಳ್ಳಮಾಸಿಯ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಉಣ್ಣುವ ಪದ್ಧತಿ. ಹೀಗಾಗಿ ಇಡೀ ಊರು ಇಳಕಲ್ ಸೀರೆ ಉಟ್ಟು, ತಲೆಗೆ ಹೊಸ ಪಟಕ ಸುತ್ತಿ ತಮ್ಮತಮ್ಮ ಹೊಲದಲ್ಲಿ ಹಾಜರಿತ್ತು.

ಮಾಸ್ತರರು ಸ್ಟ್ಯಾಂಡ್ ತಗೊಂಡು ಬದುವಿನ ಮೇಲೆ ಕಾಲಿಟ್ಟದ್ದೇ ತಡ, ಅಮಾತೆಪ್ಪ ಕೈಮುಗಿದು ಎದುರು ಬಂದ. ಸಾಹೇಬರು ಒಂದು ಸಲ ನಮ್ಮ ಹೊಲದ ಕಡೆಗೂ ಯಂತ್ರ ತಿರುಗಿಸಬೇಕು ಎಂದ. ನಮ್ಮ ಮನೆಮಂದಿ ಎಲ್ಲ ಅಲ್ಲೇ ನಿಂತಿದ್ದಾರೆ, ಹಿಂದಿನ ಗಿಡ ಬಿಡಬಾರದು, ಬಾವಿಯೂ ಬರಬೇಕು ಎಂದ.

ಮಾಸ್ತರರ ಕಣ್ಣು ತೇವವಾದವು. ನನ್ನ ಕಡೆ ತಿರುಗಿ, "ನೋಡಿದಿ, ಮಧುಸೂದನ? ಹಳ್ಳಿ ಮಂದೀಗೆ ಹಿನ್ನೆಲಿ ಅಂದ್ರ ಏನು ಅಂತ ಗೊತ್ತೈತಿ. ನಮ್ಮ ಸ್ಟಾಫ್ ರೂಮಿನ್ಯಾಗ ಒಬ್ಬರಿಗೂ ಇಲ್ಲ," ಎಂದರು.

ಅಮಾತೆಪ್ಪನ ಮಂದಿಯ ಫೋಟೋ ಆಯಿತು. ಅಷ್ಟರಲ್ಲಿ ಅತ್ತಲಿನ ಹೊಲದ ಮಾದೇವಿ ಬಂದಳು. ಅವಳದು ಸ್ವಂತ ದನದ ಶೆಡ್ಡು, ಖರೆ ಶೆಡ್ಡು. ಅದರ ಮುಂದೆ ತನ್ನ ಎಮ್ಮೆಯ ಜೊತೆ ಅಕ್ಕನ ಮನೆಯ ಎಮ್ಮೆಯನ್ನೂ ಕಟ್ಟಿದ್ದಳು. ಎಮ್ಮೆ ಎರಡೂ ಬರಬೇಕು ಎಂದು ಹೇಳಿದಳು. ಮಾಸ್ತರರು, ಎಮ್ಮೆಗಳು ಒಂದರ ಮುಖ ಒಂದು ನೋಡಿದರೆ ಚಿತ್ರಕ್ಕೆ ಭಾವ ಬರುತ್ತದೆ ಎಂದರು. ಮಾದೇವಿ ಎಮ್ಮೆಗಳ ಕೊಂಬು ಹಿಡಿದು ಮುಖಾಮುಖಿ ನಿಲ್ಲಿಸಿದಳು. ಅಧಿಕಾರಿಗಳು ಹೇಳಿದಂತೆ ನಿಂತರೆ ಪರಿಹಾರ ಹೆಚ್ಚು ಎಂದು ಸುದ್ದಿ ಹರಡಿತು. ಆಮೇಲೆ ಮಾಸ್ತರರು ನಗಿರಿ ಎಂದರೆ ಇಡೀ ಕುಟುಂಬ ನಗುತ್ತಿತ್ತು. ಬಿಗಿ ಮುಖದ ಮುದುಕರೂ ಸರಕಾರದ ಮುಂದೆ ಹಲ್ಲು ತೆಗೆದರು.

ಪ್ರತಿ ಹೊಲದಲ್ಲೂ ನಮಗೆ ಊಟ. ಮಾಸ್ತರರಿಗೆ ಉಣ್ಣಲು ವ್ಯವಧಾನ ಇರಲಿಲ್ಲ, ಅವರ ಪಾಲನ್ನೂ ನಾನೇ ನಿಭಾಯಿಸಿದೆ. ನನ್ನನ್ನು ಅವರು ಸಾಹೇಬರ ಗುಮಾಸ್ತ ಎಂದು ತಿಳಿದಿದ್ದರಂತೆ. ಎಲ್ಲ ಬರಕೊಂಡಿರೇನ್ರಿ ಎಂದು ಕೇಳಿದಾಗಲೆಲ್ಲ ನಾನು ಬಾಯಿ ತುಂಬಿದ್ದರಿಂದ ತಲೆ ಅಲ್ಲಾಡಿಸುತ್ತಿದ್ದೆ.

ಹೊತ್ತು ನೆತ್ತಿಗೇರಿದಾಗ ತಲಾಟಿ ಬಂದ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರಿದೆ, ಆದರೆ ಊರವರು ತಲಾಟಿ ಎಂದೇ ಕರೆಯುತ್ತಾರೆ. ಕೌಶಿಕ ಎಂದು ಅವನ ಹೆಸರು, ಹೊಸದಾಗಿ ನೌಕರಿಗೆ ಸೇರಿದ ಹುಡುಗ. ತನ್ನ ಊರಿನಲ್ಲಿ ತನಗೇ ಗೊತ್ತಿಲ್ಲದೆ ಅಳತೆ ನಡೆದಿದೆ ಎಂದು ಕೇಳಿ ಗಾಡಿ ಓಡಿಸಿಕೊಂಡು ಬಂದಿದ್ದ. ಬರುವಾಗ ಸಿಟ್ಟು ಇತ್ತು. ಹತ್ತಿರ ಬಂದು ಲೆನ್ಸಿನ ಉದ್ದ ನೋಡಿದ ಮೇಲೆ ಸಿಟ್ಟು ಇಳಿಯಿತು. ಇಷ್ಟು ದೊಡ್ಡ ಯಂತ್ರ ಬಂದಿದೆ ಎಂದರೆ ಮೇಲಿನಿಂದ ಆದೇಶ ಬಂದಿರಲೇಬೇಕು, ತಾನೇ ಮೊಬೈಲಿನಲ್ಲಿ ಓದದೆ ಬಿಟ್ಟಿರಬೇಕು. ಕೇಳಿದರೆ ಓದಿಲ್ಲ ಎಂಬುದು ಹೊರಬೀಳುತ್ತದೆ. ಹೀಗಾಗಿ ಅವನು ಕೇಳಲಿಲ್ಲ. ಮಾಸ್ತರರ ತಲೆಯ ಮೇಲೆ ಛತ್ರಿ ಹಿಡಿದು ನಿಂತ.

ಸಂಜೆಯ ತನಕ ಹೀಗೇ ನಡೆಯಿತು. ಗಾಳೆಪ್ಪನವರ ಮನೆಯ ಮುಂದೆ ಮಾತ್ರ ಎಲ್ಲರೂ ಬೆಳಿಗ್ಗೆಯಿಂದ ಸಿಂಗಾರ ಮಾಡಿಕೊಂಡು ಕಾಯುತ್ತಿದ್ದರು. ಸೊಸೆಯರ ಹೂವು ಬಾಡಿದವು. ಸಿದ್ದಲಿಂಗವ್ವ ಕುರ್ಚಿಯಲ್ಲೇ ಎರಡು ಸಲ ನಿದ್ದೆ ತೆಗೆದರು. ಬಸವೇಶ್ವರಿ ಮಾತ್ರ ನಿಂತೇ ಇದ್ದರು, ಮಗ್ಗುಲಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು. ಷಡ್ಡಕರೊಬ್ಬರು ಆ ಜಾಗಕ್ಕೆ ಸರಿಯಲು ಹೋದಾಗ ಆಕೆ ನೋಡಿದ ನೋಟಕ್ಕೆ ವಾಪಸ್ ಸರಿದರು. ನಾನು ಹೋಗಿ ಮಾಸ್ತರರಿಗೆ ಹೇಳಿದೆ: ಹೊತ್ತು ಮುಳುಗಲಿಕ್ಕೆ ಬಂತು, ನಾಳೆ ಅಮಾಸಿ ಇರೋದಿಲ್ಲ, ನಜೀರಸಾಬರ ಅಂಗಡಿ ಇರುತ್ತದೆ. ಆಗ ಅವರಿಗೆ ಎಚ್ಚರವಾಯಿತು.

ಸ್ಟ್ಯಾಂಡನ್ನು ಆಚೆ ಬದುವಿಗೆ ಒಯ್ದು ಊರಿದರು. ಗಾಳೆಪ್ಪನ ಹೊಲಕ್ಕೆ ಎಷ್ಟು ಹೆಚ್ಚಿಗೆ ಬರೆಯುತ್ತಾರೋ ನೋಡಿಯೇ ಬಿಡೋಣ ಎಂದು ಇಡೀ ಊರು ಅವರ ಬೆನ್ನ ಹಿಂದೆ ಬಂದು ನೆರೆಯಿತು. ಮಾಸ್ತರರು ನನ್ನನ್ನು ಮನೆಯ ಕಡೆ ಅಟ್ಟಿ ಒಂದೇ ಮಾತು ಹೇಳಿ ಕಳಿಸಿದರು, ಏನೇ ಆದರೂ ಫೋಟೋ ಆಗುವ ತನಕ ಯಾರೂ ಅಲುಗಬಾರದು. ನಾನು ಹೋಗಿ ಎಲ್ಲರಿಗೂ ಹೇಳಿ, ಪಕ್ಕದ ಬೇವಿನ ಗಿಡದ ಕೆಳಗೆ ನಿಂತೆ. ಎಲ್ಲರೂ ಹೂಂ ಎಂದರು.

ಈಗ ಇನ್ನೊಂದು ವಿಷಯ ಹೇಳಬೇಕು. ಇಳಕಲ್ಲಿನ ಸುತ್ತ ಗ್ರಾನೈಟ್ ಕ್ವಾರಿಗಳಿವೆ, ಕರಿಹುಣಸಿಯ ಅರ್ಧ ಗಂಡಸರು ಅಲ್ಲಿ ದುಡಿದವರು. ಬಂಡೆಗೆ ಸಿಡಿಮದ್ದು ಇಟ್ಟಾಗ ಏನಾಗುತ್ತದೆಂದು ಅವರಿಗೆ ಗೊತ್ತು. ಒಬ್ಬ ಕೆಂಪು ಬಾವುಟ ಬೀಸುತ್ತಾನೆ. ಬಗ್ಗಿ ಏನೋ ಹಚ್ಚುತ್ತಾನೆ. ಆಮೇಲೆ ಹಿಂದುಮುಂದು ನೋಡದೆ ಓಡುತ್ತಾನೆ. ಅವನು ಓಡಿದಾಗ ನಿಂತು ಯಾಕೆಂದು ಕೇಳುವವನು ಮತ್ತೆ ಕೇಳಲಿಕ್ಕೆ ಉಳಿಯುವುದಿಲ್ಲ.

ಶಂಕರಲಿಂಗ ಮಾಸ್ತರರು ಕೆಂಪು ಟವೆಲನ್ನು ತಲೆಯ ಮೇಲೆ ಮೂರು ಸುತ್ತು ಬೀಸಿದರು. ಬಗ್ಗಿ ಯಂತ್ರದ ಗುಂಡಿ ಒತ್ತಿದರು. ಕೆಂಪು ದೀಪ ಮಿಣುಕಿ, ಯಂತ್ರ ಟಿಕ್ ಟಿಕ್ ಎನ್ನತೊಡಗಿತು. ಮಾಸ್ತರರು ಪಂಚೆ ಮೇಲೆತ್ತಿ ಕಟ್ಟಿ ಓಟ ಕಿತ್ತರು.

ಊರಿಗೆ ಅರ್ಥ ಮಾಡಿಕೊಳ್ಳಲು ಒಂದು ಕ್ಷಣ ಸಾಕಾಯಿತು. ಕಾಲುವೆಯ ಕೆಲಸ ಇಂದೇ ಶುರುವಾಗಿಬಿಟ್ಟಿದೆ ಎಂದು ಅಮಾತೆಪ್ಪ ಕೂಗಿದ. ಇಡೀ ಊರು ಬದು ಹಾರಿ ಮಾಸ್ತರರ ಹಿಂದೆ ಓಡಿತು. ಛತ್ರಿ ಬಿಸಾಕಿ ತಲಾಟಿ ಎಲ್ಲರಿಗಿಂತ ಮುಂದೆ ಓಡಿದ. ಬೆನ್ನ ಹಿಂದೆ ಇಡೀ ಊರಿನ ಸದ್ದು ಕೇಳಿ ಮಾಸ್ತರರು, ನವನಗರದ ರಸ್ತೆಯಲ್ಲಿ ಒಂದು ದಿನವೂ ಓಡದಷ್ಟು ಜೋರಾಗಿ ಓಡಿದರು. ಏನು ತಪ್ಪು ಮಾಡಿದೆನೆಂದು ಅವರಿಗೆ ತಿಳಿಯದು. ಆದರೆ ಏನೋ ಮಾಡಿರಬೇಕು ಎಂಬ ನಂಬಿಕೆ ಅವರಿಗೆ ಯಾವಾಗಲೂ ಇತ್ತು.

ಅರ್ಧ ಹೊಲ ದಾಟುವಷ್ಟರಲ್ಲಿ ಕ್ವಾರಿಯಲ್ಲಿ ದುಡಿದ ಯಾರೋ ಮಲಕೊಳ್ರಿ ಎಂದು ಕೂಗಿದರು. ಇಡೀ ಊರು ಕಡಲೆಯಲ್ಲಿ ಬೋರಲು ಬಿದ್ದು ಕಿವಿ ಮುಚ್ಚಿಕೊಂಡಿತು. ಅತ್ತ ಮನೆಯ ಮುಂದೆ, ಅಳಿಯನ ಹಿಂದೆ ಊರಿಗೆ ಊರೇ ತಮ್ಮ ಮೇಲೆ ಏರಿ ಬರುವುದನ್ನು ಕಂಡ ಗಾಳೆಪ್ಪನವರ ಮಂದಿ, ಅಲುಗುವುದಿಲ್ಲ ಎಂದು ಹೂಂಗುಟ್ಟಿದ್ದನ್ನು ಮರೆತು ತಿರುಗಿ ಓಡಿದರು. ಗಂಡುಮಕ್ಕಳಿಬ್ಬರು ಸಿದ್ದಲಿಂಗವ್ವನವರನ್ನು ಕುರ್ಚಿ ಸಮೇತ ಎತ್ತಿಕೊಂಡರು. ಗಾಳೆಪ್ಪನವರಿಗೆ ಊರುಗೋಲಿನ ನೆನಪೇ ಆಗಲಿಲ್ಲ. ಮಾಸ್ತರರು ಬಂದವರೇ ಹೆಂಡತಿಯ ಮಗ್ಗುಲಲ್ಲಿ ಇದ್ದ ಜಾಗಕ್ಕೆ ತಲುಪಿ, ಬೆನ್ನು ಹತ್ತಿದವರು ಎಲ್ಲಿ ಬಂದರೆಂದು ಗಕ್ಕನೆ ತಿರುಗಿದರು. ಆಚೆ ಬದುವಿನ ಮೇಲೆ ಕೆಂಪು ದೀಪ ಆರಿತು.

ಬಹಳ ಹೊತ್ತಿನ ಮೇಲೆ ತಲಾಟಿ ಕಡಲೆಗಿಡದ ನಡುವಿನಿಂದ ತಲೆ ಎತ್ತಿ, ಇನ್ನೂ ಎಷ್ಟು ಹೊತ್ತು ಸರ್ ಎಂದು ಕೇಳಿದ. ಆಯಿತಲ್ಲ, ಫೋಟೋ ಆಯಿತಲ್ಲ ಎಂದರು ಮಾಸ್ತರರು, ಏದುಸಿರು ಬಿಡುತ್ತ.

ಆಮೇಲೆ ಎಲ್ಲ ಹೊರಬಿತ್ತು. ಇದು ಸ್ವಂತ ಕ್ಯಾಮೆರಾ, ತೋಳದ ಫೋಟೋಕ್ಕೆಂದು ತಂದದ್ದು, ಸಣ್ಣ ಲೆನ್ಸು ಇಲ್ಲದ್ದರಿಂದ ದೂರ ನಿಂತದ್ದು. ಊರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಿಟ್ಟಾಯಿತು. ತಗಡು ತಂದ ಬಾಡಿಗೆ, ಸಸಿ ತಂದ ದಣಿವು, ನುಗ್ಗಾದ ಕಡಲೆ, ಎಲ್ಲ ಯಾರ ತಲೆಗೆ ಎಂದು ಅಮಾತೆಪ್ಪ ಕೇಳಿದ. ಸುದ್ದಿ ಹಬ್ಬಿಸಿದವನು ನೀನೇ ಅಲ್ಲವೇ ಎಂದು ಎಲ್ಲರೂ ಅವನ ಕಡೆ ತಿರುಗಿದರು. ತಲಾಟಿ ಮೈ ಕೊಡವಿಕೊಂಡು, ನನಗೆ ಮೊದಲೇ ಗೊತ್ತಿತ್ತು, ಸುಮ್ಮನೆ ನೋಡುತ್ತಿದ್ದೆ ಎಂದ. ಅವನ ಮೂಗಿನ ಮೇಲೆ ಕಡಲೆಸೊಪ್ಪು ಅಂಟಿತ್ತು. ಅಷ್ಟರಲ್ಲಿ ಮಾದೇವಿ, ಹಾಂಗಾದರೆ ನಮ್ಮ ಫೋಟೋ ಅದರಾಗ ಖರೇನ ಅದಾವೇನ್ರಿ ಎಂದು ಕೇಳಿದಳು. ಮಾಸ್ತರರು ತೋರಿಸಿದರು. ಮುಖಾಮುಖಿ ನಿಂತ ಎರಡು ಎಮ್ಮೆ, ನಡುವೆ ನಗುತ್ತಿದ್ದ ಮಾದೇವಿ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕ್ಯಾಮೆರಾ ಮುಟ್ಟಿದಳು. ಊರು ಸಾಲಾಗಿ ನಿಂತು ತಮ್ಮತಮ್ಮ ನಗು ನೋಡಿಕೊಂಡಿತು, ಎಲ್ಲರಿಗೂ ಒಂದೊಂದು ಪ್ರತಿ ಕೊಡಬೇಕೆಂದು ತೀರ್ಮಾನವಾಯಿತು. ಅಮಾತೆಪ್ಪ ತನ್ನದರಲ್ಲಿ ಬೇವಿನ ಟೊಂಗೆ ಕಾಣಬಾರದು ಎಂದ.

ಎಲ್ಲರೂ ಹೋದ ಮೇಲೆ ಬಸವೇಶ್ವರಿ ಕೈ ಚಾಚಿದರು. ಮಾಸ್ತರರು ಕೊನೆಯ ಫೋಟೋವನ್ನು ಪರದೆಯ ಮೇಲೆ ತಂದು ಕ್ಯಾಮೆರಾ ಅವರ ಕೈಗಿಟ್ಟರು. ನಾನೂ ಬಗ್ಗಿ ನೋಡಿದೆ. ಹಿಂದೆ ಓಡುವ ಸೀರೆ, ಓಡುವ ಪಟಕ, ಗಾಳಿಯಲ್ಲಿ ತೇಲುವ ಒಂದು ಪ್ಲಾಸ್ಟಿಕ್ ಕುರ್ಚಿ, ಎಲ್ಲವೂ ಬೆನ್ನು. ಮುಂದೆ ನೆಟ್ಟಗೆ ನಿಂತ ಬಸವೇಶ್ವರಿ. ಅಲುಗಬೇಡಿರಿ ಎಂದ ಮಾತನ್ನು ನಡೆಸಿದವರು ಅವರೊಬ್ಬರೇ. ಅವರ ಮಗ್ಗುಲಲ್ಲಿ ಬಾಯಿ ತೆರೆದು, ಕೂದಲು ಕೆದರಿ, ಪಂಚೆ ಮೊಣಕಾಲ ಮೇಲೆ ಕಟ್ಟಿದ ಶಂಕರಲಿಂಗ ಮಾಸ್ತರರು. ಅಭ್ಯಾಸ ಮಾಡಿದ ನಗು ಎಲ್ಲೂ ಇರಲಿಲ್ಲ.

ಮಾಸ್ತರರು ವಾದ ಹೂಡಿದರು. ಎಲ್ಲರೂ ಇರಬೇಕು ಎಂದಿತ್ತು, ಎಲ್ಲರೂ ಇದ್ದಾರೆ, ಮುಖವೇ ಇರಬೇಕೆಂದು ಯಾರೂ ಹೇಳಿರಲಿಲ್ಲ. ಬೇಕಾದರೆ ಇನ್ನೊಮ್ಮೆ ಓಡುತ್ತೇನೆ, ಬೆಳಕು ಇನ್ನೂ ಸ್ವಲ್ಪ ಇದೆ. ಹೀಗೆಂದು ಸ್ಟ್ಯಾಂಡ್ ಹೆಗಲಿಗೇರಿಸಿದರು.

"ಬ್ಯಾಡ್ರಿ," ಎಂದರು ಬಸವೇಶ್ವರಿ, ಪರದೆಯಿಂದ ಕಣ್ಣು ತೆಗೆಯದೆ. "ನಮ್ಮ ಮದಿವಿ ಫೋಟೋದಾಗ ಸೈತ ನಿಮ್ಮ ಸ್ವಾದರಮಾವ ನಡುವ ಬಂದು ನಿಂತಾನ. ನಮ್ಮಿಬ್ಬರ ನಡುವ ಯಾರೂ ಇಲ್ಲದ್ದು ಇದ ಮೊದಲು."

ಮಾಸ್ತರರು ಹೆಗಲ ಮೇಲಿನ ಸ್ಟ್ಯಾಂಡನ್ನು ಕೆಳಗಿಳಿಸಿದರು.

"ಇದನ್ನ ದೊಡ್ಡದು ಮಾಡಸ್ರಿ," ಎಂದು ಆಕೆ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿ ತಾವೇ ಹಿಡಿದುಕೊಂಡು ಮನೆಯೊಳಗೆ ಹೋದರು.